ಉಳಿದುಹೋದ ಒಂದು ಎಸೆತ

“ಅಮ್ಮಾ, ಚೆಂಡು ಒಳಗೆ ಬೀಳ್ದೇ ಹೋದ್ರೆ ಆ ತಾತ ಯಾಕೆ ಚಪ್ಪಾಳೆ ತಟ್ತಾರೆ?”

ಮಗಳಿಗೆ ಶೂ ಕೊಂಡು ಬರುತ್ತಾ, ನಾನು ಓದಿದ ಕಾಲೇಜಿನ ಗೇಟಿನ ಬಳಿ ನಿಂತುಬಿಟ್ಟಿದ್ದೆ. ಒಳಗೆ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ನಮ್ಮ ಕೋಚ್. ನಾವು ಅವರಿಗಿಟ್ಟ ಹೆಸರು ‘ಇನ್ನೊಂದ್ಸಲ ಸರ್’. ಅವರ ಬಾಯಿಂದ ಹೆಚ್ಚು ಬರುತ್ತಿದ್ದ ಮಾತೇ ಅದು.

ಅವರು ಸೇರಿದ್ದು ಆಫೀಸಿನ ಗುಮಾಸ್ತರಾಗಿ. ಹಳೆಯ ಕೋಚ್ ಬಿಟ್ಟುಹೋದಾಗ ಪ್ರಿನ್ಸಿಪಾಲರು, “ಒಂದು ವಾರ ನೋಡ್ಕೊಳ್ರೀ” ಅಂದರಂತೆ. ಆ ವಾರ ಮೂವತ್ತೆರಡು ವರ್ಷ ನಡೆಯಿತು. ಗೆದ್ದದ್ದು ಎರಡೇ ಕಪ್ಪು, ಅದರಲ್ಲೊಂದು ಸನ್ನಡತೆಗೆ. ಬೆಳಿಗ್ಗೆ ನಾವು ಬರುವಷ್ಟರಲ್ಲಿ ಕೋರ್ಟ್ ಗುಡಿಸಿರುತ್ತಿದ್ದರು, ಹರಿದ ಬಲೆಯನ್ನು ಗೋಣಿದಾರದಲ್ಲಿ ತಾವೇ ಹೆಣೆಯುತ್ತಿದ್ದರು. ಗುರಿ ತಪ್ಪಿದರೆ ಬೈದವರಲ್ಲ. ನೆಟ್ಟಗೆ ನಿಂತು ಎಸೆದರೆ ಮಾತ್ರ, “ಮೊಣಕಾಲೇನು ಬ್ಯಾಂಕ್ ಲಾಕರಲ್ಲಿ ಇಟ್ಟಿದ್ದೀಯಾ? ಬಗ್ಗಿಸು!”

ಕಾಲೇಜು ಬಿಡುವವರೆಲ್ಲ ಕೊನೆಯ ದಿನ ಒಂದೊಂದು ಎಸೆತ ಎಸೆಯಬೇಕಿತ್ತು. ಬಿದ್ದರೆ ನೀವು ಸ್ವತಂತ್ರರು. ತಪ್ಪಿದರೆ ಇನ್ನೊಂದು ದಿನ ಬಂದು ಅದನ್ನು ಮುಗಿಸಬೇಕು. ಇವತ್ತು ಅಂಥದೇ ದಿನ. ತಪ್ಪಿದವರು ಮತ್ತೆ ಬರುತ್ತಾರಲ್ಲ, ಚಪ್ಪಾಳೆ ಅದಕ್ಕೇ.

ನನ್ನ ಕೊನೆಯ ದಿನ ನಾನು ಬೇಕೆಂದೇ ಗುರಿ ತಪ್ಪಿಸಿದ್ದೆ. “ನಿನ್ನ ಕೈ ತಪ್ಪೋ ಕೈಯಲ್ಲ, ಕಳ್ಳಿ” ಎಂದು ನಕ್ಕಿದ್ದರು. ಬರುತ್ತೇನೆಂದೇ ನಂಬಿದ್ದರು. ಆಮೇಲೆ ಕೆಲಸ, ಮದುವೆ, ಬಾಣಂತನ. ಇರುವುದು ಇದೇ ಊರಿನಲ್ಲಿ. ಹೋಗದೆ ಹೋಗದೆ ಮುಖ ತೋರಿಸಲು ನಾಚಿಕೆಯಾಗಿ, ಇವತ್ತಿನವರೆಗೂ ಕಾಲೇಜಿನ ಬೀದಿಯನ್ನೇ ತಪ್ಪಿಸಿ ಓಡಾಡಿದ್ದೆ. ಆದರೂ ಒಗೆದ ಬಟ್ಟೆಯನ್ನು ದೂರದಿಂದ ಬುಟ್ಟಿಗೆ ಎಸೆಯುವಾಗಲೆಲ್ಲ ಮೊಣಕಾಲು ತಾನಾಗಿಯೇ ಬಗ್ಗುತ್ತದೆ.

ನನ್ನನ್ನು ಕಂಡು ಕುಂಟುತ್ತಲೇ ಗೇಟಿಗೆ ಬಂದರು.

“ಏನಮ್ಮಾ ಕಳ್ಳಿ, ಒಂಬತ್ತು ವರ್ಷ ಆಯ್ತಲ್ಲ?”

“ಬರ್ಬೇಕು ಅಂತಾನೇ ಇದ್ದೆ ಸರ್...”

“ಎಲ್ಲಾರೂ ಹಾಗೇ ಅಂತಾರೆ, ಬಿಡು. ಶನಿವಾರ ನಂಗೆ ರಿಟೈರ್‌ಮೆಂಟು. ಹೊಸ ಕೋಚಮ್ಮ ಬರ್ತಾಳೆ, ನನಗಿಂತ ಚೆನ್ನಾಗಿ ಕಲಿಸ್ತಾಳೆ. ಆದ್ರೆ ಯಾರ‍್ಯಾರು ವಾಪಸ್ ಬರ್ಬೇಕು ಅಂತ ಅವಳಿಗೇನು ಗೊತ್ತು?”

“ಶನಿವಾರ ಖಂಡಿತ ಬಂದು ನನ್ನ ಎಸೆತ ಮುಗಿಸ್ತೀನಿ ಸರ್.”

ಅವರು ಮಗಳ ಹೊಸ ಶೂ ನೋಡಿದರು.

“ನಮ್ಮನೆ ಹಿಂದಿನ ಗೋಡೆಗೂ ಒಂದು ರಿಂಗ್ ಹಾಕಿಸಿದ್ದೀನಿ. ಶನಿವಾರ ಬಾ, ಮಗೂನೂ ಕರ್ಕೊಂಡು ಬಾ. ಆದ್ರೆ ನಂಗೊಂದು ಉಪಕಾರ ಮಾಡಮ್ಮ. ಈ ಸಲಾನೂ ಒಳಗೆ ಹಾಕ್ಬೇಡ.”