ಅತಿಥಿ ಕೋಣೆಯ ತೊಗರಿ

ಸಂಕ್ರಾಂತಿ ಮುಗಿದ ವಾರ ಶಹಾಬಾದಿನಿಂದ ಬೆಳಗಿನ ರೈಲು ಹಿಡಿದು ಹೊರಟೆ. ಹೋಗಬೇಕಾಗಿದ್ದುದು ಚಿಂಚೋಳಿಯ ಆಚೆ, ಕಾಡಿನ ಮಗ್ಗುಲಲ್ಲಿ ಅಣೆಕಟ್ಟು ಇರುವ ಒಂದು ಸಣ್ಣ ಊರಿಗೆ. ನನ್ನ ಮೈದುನ ಶರಣಪ್ಪ, ಅವನ ಹೆಂಡತಿ ಮಾದೇವಿ ಅಲ್ಲಿರುತ್ತಾರೆ. ಪ್ರವಾಸಿಗರು ಬಂದರೆ ನಾಲ್ಕು ಜನಕ್ಕೆ ಕೆಲಸ ಸಿಕ್ಕೀತೆಂದು ಸರಕಾರ ಅಣೆಕಟ್ಟಿಗೆ ರಸ್ತೆ, ದೀಪ, ದೋಣಿಕಟ್ಟೆ ಮಾಡಿಸಿ, ಊರಿನ ಕೆಲವು ಮನೆಗಳಿಗೆ ಹೋಂಸ್ಟೇ ಕೋಣೆ ಕಟ್ಟಿಕೊಳ್ಳಲು ನೆರವು ಕೊಟ್ಟಿತ್ತು. ಮಾದೇವಿಯ ಮನೆ ಅದರಲ್ಲೊಂದು.

“ಅಕ್ಕಾ, ಸಾಹೇಬರು ತಪಾಸಣಿಗೆ ಬರೋರದಾರ. ಇಂಗ್ಲಿಷ್ ಫಾರಂ ತುಂಬಲಿಕ್ಕ ನೀವ ಬರಬೇಕು ನೋಡ್ರಿ” ಎಂದು ಫೋನ್ ಮಾಡಿದ್ದಳು. ಕಾನ್ವೆಂಟಿನಲ್ಲಿ ಓದಿದವಳು ನಾನು, ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಅವಳು. ಕೋಣೆ ಬಂದದ್ದು ಅವಳಿಗೆ.

ಮುಚ್ಚಿಟ್ಟು ಏನು ಮಾಡಲಿ, ನನಗೆ ಹೊಟ್ಟೆಕಿಚ್ಚಿತ್ತು. ಅಣ್ಣತಮ್ಮಂದಿರ ಪಾಲಾದಾಗ ಪೇಟೆಯ ಮನೆ ಮತ್ತು ನೆಲಕ್ಕೆ ಹಾಸುವ ಫರಸಿಕಲ್ಲು ಪಾಲಿಶ್ ಮಾಡುವ ಮಷಿನ್ನು ನಮಗೇ ಇರಲೆಂದು ಹಟ ಹಿಡಿದವಳು ನಾನೇ. ಕಾಡಂಚಿನ ಹೊಲ ಅವರ ಪಾಲಿಗೆ ಹೋಯಿತು. ಈಗ ಮಂದಿ ನೆಲಕ್ಕೆ ಟೈಲ್ಸ್ ಹಾಕುತ್ತಾರೆ. ನಮ್ಮ ಮಷಿನ್ನು ವಾರಕ್ಕೆ ಎರಡು ದಿನ ತಿರುಗಿದರೆ ಹೆಚ್ಚು.

ವಾಡಿಯಲ್ಲಿ ಇಳಿದು ಸೇಡಂ ಕಡೆಯ ಪ್ಯಾಸೆಂಜರಿಗೆ ಒಂದು ತಾಸು ಕಾದೆ. ಬೆಂಚಿನ ಮೇಲೆ ಸಿಮೆಂಟ್ ಕಾರ್ಖಾನೆಯ ಬೂದು ಪುಡಿ. ಕರವಸ್ತ್ರದಿಂದ ಒರೆಸಿ ಕೂತೆ. ಚಿತ್ತಾಪುರದಲ್ಲಿ ಹಸಿ ಕಡಲೆ ಗಿಡದ ಹೊರೆ ಹೊತ್ತ ಹೆಂಗಸೊಬ್ಬಳು ಹತ್ತಿ ಪಕ್ಕದಲ್ಲಿ ಕೂತಳು. ಸನ್ನತಿಯವಳಂತೆ. ನಾನು ಹೊರಟ ಊರು ಕೇಳಿ ಮುಖ ಸಣ್ಣದು ಮಾಡಿದಳು.

“ದೋಣಿ ನೋಡ್ಲಿಕ್ಕ ಹೊಂಟೀರೇನ್ರಿ? ನಮ್ಮಲ್ಲಿ ಭೀಮಾ ಹೊಳಿ ಅದ, ಗುಡಿ ಅದ, ಅಗದು ತೆಗೆದ ಕಲ್ಲ ಅವ. ಮಂದಿ ಬರ್ತಾರ, ಫೋಟೋ ಹೊಡಕೊಂಡು ಹೊಳ್ಳಿ ಹೋಗ್ತಾರ. ಒಬ್ಬರೂ ಉಳಿಯಂಗಿಲ್ಲ.”

ಉರಿಯುವ ಹೊಟ್ಟೆ ನನ್ನದೊಂದೇ ಅಲ್ಲವೆಂದು ಸ್ವಲ್ಪ ಸಮಾಧಾನವಾಯಿತು. ಆಕೆ ಒಂದು ಹಿಡಿ ಕಡಲೆ ಕೊಟ್ಟಳು. ಸುಲಿಯುತ್ತ ಸುಲಿಯುತ್ತ ಸೇಡಂ ಬಂತು.

ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಚಿಂಚೋಳಿ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಚಿಂಚೋಳಿಯಿಂದ ಟಂಟಂ ಆಟೋ, ಮೂವತ್ತು ರೂಪಾಯಿ. ಹೊಸ ರಸ್ತೆಯಲ್ಲಿ ಮಡಿಲಲ್ಲಿಟ್ಟ ಬಾಳೆಹಣ್ಣು ಕೂಡ ಅಲುಗಲಿಲ್ಲ. ದೋಣಿಕಟ್ಟೆಯ ಮೆಟ್ಟಿಲಿಗೆ ಹಾಕಿದ್ದು ನಮ್ಮ ಶಹಾಬಾದಿನ ಕಲ್ಲೇ. ಕಲ್ಲು ನಮ್ಮೂರಿನದು, ಮೆಟ್ಟಿಲು ಇಲ್ಲಿ!

ಮಾದೇವಿ ಓಡಿ ಬಂದು ಚೀಲ ಕಸಿದುಕೊಂಡಳು. “ಬರ್ರಿ ಅಕ್ಕಾ, ಕುಂದ್ರಿ. ಎಷ್ಟು ಸೊರಗೀರಿ!” ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಉಣ್ಣುವಾಗ ನನ್ನ ಕಣ್ಣು ಅಂಗಳದ ಪಕ್ಕದ ಹೊಸ ಕೋಣೆಯ ಮೇಲೇ ಇತ್ತು. ನೀಲಿ ಬಾಗಿಲು, ಜಾಳಿಗೆಯ ಕಿಟಕಿ. ಬಾಗಿಲಿಗೆ ಕೀಲಿ ಹಾಕಿತ್ತು. ಹೊಸ್ತಿಲ ಸಂದಿಯಲ್ಲಿ ತೊಗರಿಯ ಹೊಟ್ಟು ಕಾಣಿಸಿತು.

“ಒಳಗೇನಿಟ್ಟೀರಿ?” ಎಂದೆ.

ಮಾದೇವಿ ನಾಲಿಗೆ ಕಚ್ಚಿಕೊಂಡಳು. “ತೊಗರಿ ಬಂತಲ್ರಿ ಅಕ್ಕಾ. ನೆಲಕ್ಕ ಟೈಲ್ಸ್ ಅವ, ಥಂಡಿ ಹತ್ತಂಗಿಲ್ಲ, ಹೆಗ್ಗಣ ಬರಂಗಿಲ್ಲ. ಇಂಥಾ ಛಲೋ ಕೋಣಿ ಖಾಲಿ ಬಿಡಬ್ಯಾಡಂದ್ರು ಇವರು.” ಅತಿಥಿಗಳಿಗೆ ಕಟ್ಟಿದ ಕೋಣೆಯಲ್ಲಿ ಕಿಟಕಿಯ ಮಟ್ಟಕ್ಕೆ ತೊಗರಿ ಚೀಲ! ತೊಗರಿ ಬೆಳೆಯುವ ಮನೆಯವರಿಗಲ್ಲದೆ ಇನ್ನಾರಿಗೆ ಇದು ಹೊಳೆದೀತು? ಸಾಹೇಬರು ಬರುವುದು ಶುಕ್ರವಾರ, ಅಷ್ಟರಲ್ಲಿ ತೆಗೆಸುತ್ತೇವೆ ಎಂದಳು. ತಪಾಸಣೆ ಪಾಸಾಗದಿದ್ದರೆ ಕೋಣೆಯ ಪರವಾನಗಿ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತಿತ್ತು.

ಮರುದಿನ ಬುಧವಾರ. ಗಂಡಹೆಂಡತಿ ಇಬ್ಬರೂ ಹೊಲಕ್ಕೆ ಹೊರಟರು. “ಯಾರರ ಬಂದ್ರ, ಕೀಲಿ ಮನಿಯವರ ಹಂತ್ಯಾಕ ಅದ ಅಂತ ಹೇಳ್ರಿ ಅಕ್ಕಾ” ಎಂದು ಕೀಲಿಕೈ ನನ್ನ ಕೈಗಿಟ್ಟು ಹೋದಳು.

ಹತ್ತು ಗಂಟೆಗೆ ಜೀಪು ಬಂತು. ಎರಡು ದಿನ ಮೊದಲೇ ಬಂದ ಅಧಿಕಾರಿ ಮೆತ್ತಗಿನ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟೇ ಅಂಗಳಕ್ಕೆ ಬಂದರು. “ಅಮ್ಮಾ, ಕೋಣಿ ತೆಗೀತೀರೇನು? ನಿಮ್ಮ ಹತ್ರ ಕೀಲಿ ಇಲ್ಲಂದ್ರ ಶುಕ್ರವಾರ ಬರ್ತೀನಿ, ತಕರಾರಿಲ್ಲ” ಎಂದರು.

ಕೀಲಿ ಇಲ್ಲವೆಂಬ ಒಂದು ಮಾತು ಸಾಕಿತ್ತು. ಸುಳ್ಳಾಡಬಾರದೆಂದು ಶಾಲೆಯ ಸಿಸ್ಟರುಗಳು ಕಲಿಸಿದ್ದು ಆಗ ನೆನಪಾಯಿತು. ಅದು ಬೇಕಾದಾಗ ಮಾತ್ರ ನನಗೆ ನೆನಪಾಗುತ್ತದೆ. ಸೆರಗಿನಿಂದ ಕೀಲಿಕೈ ಬಿಚ್ಚಿ ನಾನೇ ಬಾಗಿಲು ತೆಗೆದೆ.

ಅಧಿಕಾರಿ ಚೀಲಗಳನ್ನು ನೋಡಿದರು. ಒಂದು ಕಾಳು ಎತ್ತಿ ಹಲ್ಲಿಗೆ ಹಚ್ಚಿ, “ತೊಗರಿ ಛಲೋ ಅದ. ಆದ್ರ ತೊಗರಿಗೆ ಸರಕಾರ ಕೋಣಿ ಕೊಟ್ಟಿಲ್ಲಲ್ರಿ” ಎಂದರು. ಸುತ್ತಲಿನ ಇನ್ನೆರಡು ಊರು ನೋಡಿ ನಾಲ್ಕು ಗಂಟೆಗೆ ಮರಳಿ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಪಾಸಾಗಿಲ್ಲವೆಂದು ಬರೆಯಬೇಕಾಗುತ್ತದೆ ಎಂದು ಹೇಳಿ ಹೋದರು.

ಸುದ್ದಿ ಮುಟ್ಟಿ ಮಾದೇವಿ ಏದುಸಿರು ಬಿಡುತ್ತ ಬಂದಳು. ಬೈದಾಳೆಂದು ನಿಂತೆ, ಬೈದಿದ್ದರೆ ಹಗುರಾಗುತ್ತಿತ್ತು. “ತಪ್ಪು ನಂದ ಅದ ಅಕ್ಕಾ. ನೀವು ಸುಳ್ಳು ಹೇಳಂಗಿಲ್ಲಂತ ಗೊತ್ತಿದ್ದೂ ನಿಮಗ ಹೇಳಿದೆ” ಎಂದಳು. ನಾನು ಹೋಗಿ ಮೊದಲ ಚೀಲಕ್ಕೆ ಕೈ ಹಾಕಿದೆ. ನಿಜ ಮಾತ್ರ ಹೇಳಲಿಲ್ಲ.

ಹಿಂದೆಯೇ ಬಂದ ಶರಣಪ್ಪ ಚೀಲ ಹೊತ್ತ, ನಾವಿಬ್ಬರೂ ಎಳೆದೆವು. ಅಡುಗೆಮನೆ, ಪಡಸಾಲೆ, ಕೊನೆಗೆ ದೇವರ ಜಗಲಿಯ ಮುಂದೂ ಚೀಲ. “ವೈನಿ, ನೀವು ಬಿಡ್ರಿ, ಸೊಂಟ ಹಿಡೀತದ” ಎಂದ. “ಹಿಡೀಲಿ ಬಿಡು” ಎಂದೆ. ನೆಲ ಮೂರು ಸಲ ಒರೆಸಿದೆ. ಹಾಸ್ಟೆಲ್ಲಿನಲ್ಲಿ ಕಲಿತಂತೆ ಚಾದರದ ಮೂಲೆಗಳನ್ನು ಮಡಚಿ ಹಾಸಿಗೆಯಡಿ ಸಿಕ್ಕಿಸಿದೆ. ನಾಲ್ಕಕ್ಕೆ ಅಧಿಕಾರಿ ಬಂದು ಹಾಸಿಗೆ ನೋಡಿ, “ದೊಡ್ಡ ಹೋಟೆಲಿನಂಗ ಅದ” ಎಂದರು. “ನಮ್ಮ ಅಕ್ಕನ ಕೈಕೆಲಸ ರೀ ಅದು!” ಎಂದಳು ಮಾದೇವಿ, ತನಗೇ ಬಹುಮಾನ ಬಂದವಳಂತೆ. ಫಾರಂ ನಾನೇ ತುಂಬಿದೆ. ಮಾಲೀಕರ ಹೆಸರಿನ ಜಾಗದಲ್ಲಿ ಅವಳ ಹೆಸರು ಬರೆಯುವಾಗ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಬರೆದೆ. ಅಧಿಕಾರಿ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಊರಮುಂದೆ ಟಂಟಂ ಕಾಯುತ್ತಿದ್ದಾಗ ಹೈದರಾಬಾದಿನ ಕಾರೊಂದು ಬಂದು ನಿಂತಿತು. ಗಂಡಹೆಂಡತಿ, ಹಿಂದೆ ಒಬ್ಬ ಅಜ್ಜಿ. ತೆಲುಗು ಬೆರೆತ ಕನ್ನಡದಲ್ಲಿ ಹೆಂಡತಿ ಕೇಳಿದಳು: “ಅಮ್ಮಾ, ಇಲ್ಲಿ ಉಳಿಯೋಕೆ ಮನೆ ಉಂದಾ? ಊಟ ಬಾಗುಂಟುಂದಾ?”

ಅಣೆಕಟ್ಟಿನ ಕಡೆಗೊಮ್ಮೆ ನೋಡಿದೆ. ಅದರ ಆಚೆ ಬದಿ ಕೋಣೆ ಕೊಡುವ ಬೇರೆ ಮನೆಗಳೂ ಇದ್ದವು. “ಆ ನೀಲಿ ಬಾಗಿಲು” ಎಂದು ಕೈ ತೋರಿಸಿದೆ. “ಊಟ ಭಾಳ ಛಲೋ ಇರ್ತದ.”

ಕಾರು ಇಳಿಜಾರಿನಲ್ಲಿ ಹೋಯಿತು. ಟಂಟಂ ಹೊರಟ ಮೇಲೆ ತಿರುಗಿ ನೋಡಿದೆ. ಮಾದೇವಿ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದು, ಸೆರಗು ತಲೆಗೆ ಎಳೆದುಕೊಂಡು, ಅಜ್ಜಿಯ ಕೈ ಹಿಡಿದು ಇಳಿಸುತ್ತಿದ್ದಳು. ಹೊಟ್ಟೆ ಇನ್ನೂ ಉರಿಯುತ್ತಿತ್ತು. ಆದರೂ ಅಜ್ಜಿ ಹೊಸ್ತಿಲು ದಾಟುವವರೆಗೆ, ಎಡವದಿರಲಿ ಎಂದು, ನೋಡುತ್ತಲೇ ಇದ್ದೆ.