ಮುಟ್ಟಿಸಿಕೊಂಡವನು ನಾನು

ಆವತ್ತು ಮಂಡ್ಯದ ಮೈದಾನದಲ್ಲಿ ಮೈಸೂರಿನ ಹುಡುಗನ ಕಾಲು ತಾಗಿದ್ದು ನನ್ನ ಹಿಮ್ಮಡಿಗೆ ಜವರ, ನಿನಗಲ್ಲ. ಔಟಾಗಿ ಗೆರೆಯಾಚೆ ಕೂರಬೇಕಾದವನು ನಾನು. ಹೋಗಿ ಕೂತವನು ನೀನು. ಇಷ್ಟು ನಿನಗೂ ಗೊತ್ತು. ಆದರೆ ತಾಗಿದ್ದು ನನಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು — ಗೊತ್ತಾಗಿಯೂ ಸುಮ್ಮನೆ ನಿಂತೆ. ಈ ಮಾತನ್ನು ಇಷ್ಟು ವರ್ಷ ನಿನಗೆ ಹೇಳಲಿಲ್ಲ.

ನಮ್ಮ ಕಬಡ್ಡಿ ತಂಡ ನೆನಪಿದೆಯಾ ಎಂದು ನಿನ್ನನ್ನು ಕೇಳಿದರೆ ನೀನು ಬಯ್ಯುತ್ತೀಯ. ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಕಾಲೇಜಿನಲ್ಲಿದ್ದ ಆ ಮೂರು ವರ್ಷ ನಮ್ಮನ್ನು ಸೋಲಿಸಿದವರಿಲ್ಲ. ಮದ್ದೂರಿನವರು, ಮಳವಳ್ಳಿಯವರು, ಬೂಟು ಹಾಕಿಕೊಂಡು ಬಂದ ಬೆಂಗಳೂರಿನವರು — ಎಲ್ಲರೂ ಮೈಮಣ್ಣು ಕೊಡವಿಕೊಂಡು ಹೋದರು. ನಮ್ಮದೋ ಬರಿಗಾಲು. ಅಂಕಣದ ಮಣ್ಣನ್ನು ನಾಲೆಯ ಬದಿಯಿಂದ ನಾವೇ ಹೊತ್ತು ತಂದು, ಜರಡಿ ಹಿಡಿದು ಹಾಸುತ್ತಿದ್ದೆವು. ಬೇರೆ ಊರಿಗೆ ಆಡಲು ಹೋಗುವುದು ಕಬ್ಬಿನ ಲಾರಿಯಲ್ಲಿ. ಗೆದ್ದು ಬರುವಾಗ ದಾರಿಯ ಆಲೆಮನೆಯವರು ಲಾರಿ ನಿಲ್ಲಿಸಿ, ಬಿಸಿ ಬೆಲ್ಲವನ್ನು ಬಾಳೆ ಎಲೆಯ ಮೇಲೆ ಹಾಕಿಕೊಟ್ಟು, ಕಾಯಿ ಒಡೆದು ಕೈಗಿಡುತ್ತಿದ್ದರು. ಆ ರುಚಿ ನನಗೆ ಮತ್ತೆಲ್ಲೂ ಸಿಗಲಿಲ್ಲ.

ಆದರೆ ನಮ್ಮನ್ನು ಕೇಳುವವರು ಯಾರಿದ್ದರು? ಪೇಪರಿನಲ್ಲಿ ಕ್ರಿಕೆಟ್ಟಿಗೆ ಅರ್ಧ ಪುಟ. ನಮಗೆ ಮೂಲೆಯಲ್ಲಿ ಎರಡು ಸಾಲು, ಅದರಲ್ಲೂ ಕಾಲೇಜಿನ ಹೆಸರು ತಪ್ಪು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ದೆಹಲಿಯ ಮಾತಿರಲಿ, ಬೆಂಗಳೂರಿನ ಪೇಪರಿನವರಿಗೇ ನಾವು ಬೇಡವಾಗಿದ್ದೆವು. ಗೆದ್ದ ಕಪ್ಪುಗಳು ಆಟದ ಮೇಷ್ಟ್ರ ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದವು.

ಮೇಷ್ಟ್ರು ನಮಗೆ ಹಾಕಿಕೊಟ್ಟ ಕಟ್ಟಳೆ ಒಂದೇ. "ಔಟಾದೋನು ಅಂಪೈರ್ ಮಕ ನೋಡ್ಬಾರ್ದು ಕಣ್ರಲಾ. ತಾನೇ ಕೈ ಎತ್ತಿ ಎದ್ದೋಗ್ಬೇಕು." ನಾವು ಹಾಗೇ ಮಾಡಿದೆವು. ಎಷ್ಟರ ಮಟ್ಟಿಗೆ ಅಂದರೆ, ಜಿಲ್ಲೆಯ ಅಂಪೈರುಗಳು ನಮ್ಮ ಆಟದಲ್ಲಿ ತೀರ್ಪು ಕೊಡುವುದನ್ನೇ ಬಿಟ್ಟಿದ್ದರು. ಅನುಮಾನ ಬಂದರೆ ಸೀಟಿ ಊದಿ ನಮ್ಮ ಕಡೆ ನೋಡುತ್ತಿದ್ದರು, ಅಷ್ಟೇ. ನಮ್ಮ ಕೈಯೇ ತೀರ್ಪು. ಹೆಸರಿಲ್ಲದ ತಂಡಕ್ಕೆ ಇದ್ದ ಹೆಸರು ಅದೊಂದೇ.

ಕೊನೆಯ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಆರಿಸುವವರು ಮೈಸೂರಿನಿಂದ ಬಂದರು. ಜೊತೆಗೆ, ಯಾವ ಪುಣ್ಯವೋ, ಪೇಪರಿನವನೊಬ್ಬ. ನಮ್ಮ ಕಾಲೇಜಿನಿಂದ ಒಬ್ಬನನ್ನು ಮಾತ್ರ ತೆಗೆದುಕೊಳ್ಳುತ್ತಾರೆ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಆ ಒಬ್ಬ ನೀನೇ ಎಂದು ಹಾಸ್ಟೆಲ್ಲಿನ ಅಡುಗೆಯವನಿಗೂ ಗೊತ್ತಿತ್ತು. ನಿನಗೆ ಅದು ಬೇಕೇ ಬೇಕಾಗಿತ್ತು. ಕಿರುಗಾವಲಿನಿಂದ ಬಂದಿದ್ದ ನಿನ್ನಣ್ಣ ನನ್ನೆದುರಿಗೇ ಹೇಳಿದ್ದ: "ಈ ಸಲ ಆಯ್ಕೆ ಆದ್ರೆ ಸರಿ. ಇಲ್ದಿದ್ರೆ ಓದು ಬುಟ್ಟು ಗದ್ದೆಗೆ ಇಳಿ. ನನ್ ಕೈಲಿ ಇನ್ನಾಗಕಿಲ್ಲ." ತಂಡಕ್ಕೆ ಸೇರಿದವನಿಗೆ ಸರ್ಕಾರಿ ಕೆಲಸ ಸಿಗುತ್ತಿದ್ದ ಕಾಲ ಅದು. ಇದೆಲ್ಲ ಗೊತ್ತಿದ್ದೂ ನಾನು —

ಆಟ ಮುಗಿಯಲು ಸ್ವಲ್ಪ ಹೊತ್ತಿತ್ತು. ನಾವಿಬ್ಬರೂ ಎಡ ಮೂಲೆಯಲ್ಲಿ ಕೈ ಕೈ ಹಿಡಿದು ನಿಂತಿದ್ದೆವು. ಆ ಮೈಸೂರಿನ ಹುಡುಗ ಉಸಿರು ಕಟ್ಟಿ ಬಂದ, ತಿರುಗಿದ, ಕಾಲು ಚಾಚಿದ. ನನ್ನ ಹಿಮ್ಮಡಿಗೆ ಅವನ ಕಾಲ್ಬೆರಳು ಸವರಿದ ಹಾಗಾಯಿತು. ಅವನು ಗೆರೆ ದಾಟಿದ. ಸೀಟಿ ಕೇಳಿಸಿತು. ಅಂಪೈರು ಎಂದಿನಂತೆ ನಮ್ಮ ಕಡೆ ನೋಡಿದರು. ನಾನು ನೆಲ ನೋಡಿದೆ. ಪೇಪರಿನವನ ಕ್ಯಾಮೆರಾ ಕಾಣುತ್ತಿತ್ತು, ಆರಿಸಲು ಬಂದವರ ಕನ್ನಡಕ ಕಾಣುತ್ತಿತ್ತು. ಯಾರೂ ಕೈ ಎತ್ತಲಿಲ್ಲ. ಆ ಕಡೆಯ ಹುಡುಗರು ಗುಜುಗುಜು ಶುರುಮಾಡಿದರು. ಆಗ ನೀನು ನನ್ನ ಕೈ ಬಿಟ್ಟೆ. ನಿನ್ನ ಕೈ ಎತ್ತಿ ಹೊರಗೆ ನಡೆದೆ.

ನೀನು ಹೊರಗೆ ಹೋದ ಮೇಲೆ ನಾನು ಅವರ ಇಬ್ಬರನ್ನು ಹಿಡಿದು ಕೆಡವಿದೆ. ಜನ ನನ್ನನ್ನು ಹೆಗಲ ಮೇಲೆ ಹೊತ್ತರು. ನನ್ನನ್ನು ಆರಿಸಿದರು. ಮೊದಲ ಸಲ ನಮ್ಮ ಕಾಲೇಜಿನ ಹೆಸರು ಪೇಪರಿನಲ್ಲಿ ಸರಿಯಾಗಿ ಅಚ್ಚಾಯಿತು, ಅದರ ಪಕ್ಕದಲ್ಲಿ ನನ್ನ ಮುಖ.

ಅಂದು ಸಂಜೆ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಾ ನೀನು ಅಂದೆ: "ನಿಂಗೆ ತಾಕಿದ್ದು ಗೊತ್ತಾಗ್ನಿಲ್ಲ ಅಂತ ನಂಗೊತ್ತು ಕಣ್ಲಾ. ಯಾರೂ ಕೈ ಎತ್ತದೆ ಓದ್ರೆ ಟೀಮ್ ಮರ್ವಾದೆ ಏನಾಯ್ತದೆ ಏಳು? ಅದ್ಕೇ ನಾನೇ ಎತ್ಬುಟ್ಟೆ."

ನಾನು ಅಂದೆ: "ಊಂ ಕಣ್ಲಾ. ಗೊತ್ತಾಗ್ನಿಲ್ಲ."

ಆ ಮೂರು ಪದ ಜವರ. ಆಟದ ಬಿಸಿಯಲ್ಲಿ ಕೈ ಎತ್ತದೆ ಇದ್ದದ್ದು ಹೇಡಿತನ ಇರಬಹುದು. ಆದರೆ ಆ ನಲ್ಲಿಯ ಹತ್ತಿರ ಯಾವ ಬಿಸಿಯೂ ಇರಲಿಲ್ಲ. ನಾನು ಬೇಕೆಂದೇ ಸುಳ್ಳು ಹೇಳಿದೆ. ಕಾಲು ತಾಗಿದಾಗ ನನ್ನ ಬೆರಳು ನಿನ್ನ ಬೆರಳಲ್ಲಿ ಬೆಚ್ಚಿದ್ದು ನಿನಗೆ ತಿಳಿಯದೇ ಇರಲು ಸಾಧ್ಯವೇ — ಎಷ್ಟೋ ಸಲ ಯೋಚಿಸಿದ್ದೇನೆ. ತಿಳಿದೂ ನನಗೊಂದು ದಾರಿ ಬಿಟ್ಟೆಯೋ ಏನೋ. ಕೇಳುವ ಧೈರ್ಯ ನನಗಿರಲಿಲ್ಲ.

ನೀನು ಆ ಬೇಸಿಗೆಗೇ ಓದು ಬಿಟ್ಟೆ. ನಾನು ಕೆಲಸ ಹಿಡಿದೆ, ಮೈಸೂರಿನಲ್ಲಿ ಮನೆ ಕಟ್ಟಿದೆ, ಪಿಂಚಣಿಯನ್ನೂ ತಿನ್ನುತ್ತಿದ್ದೇನೆ. ನೀನು ಭತ್ತ ಬೆಳೆದೆ, ಕಬ್ಬು ಬೆಳೆದೆ, ಹಬ್ಬಕ್ಕೆ ನನ್ನನ್ನು ಕರೆಯುವುದು ಮಾತ್ರ ಒಂದು ವರ್ಷವೂ ಬಿಡಲಿಲ್ಲ.

ಹೋದ ತಿಂಗಳು ಮದ್ದೂರಿನ ಮದುವೆಯಲ್ಲಿ ನಿನ್ನ ಮಗ ಪಂಕ್ತಿಯಲ್ಲಿ ಎಲ್ಲರೆದುರು ನನ್ನ ಕಡೆ ಕೈ ತೋರಿಸಿ ನಗುತ್ತಾ ಅಂದ: "ದೊಡ್ಡಪ್ನಂಗೆ ನಮ್ಮಪ್ಪಾನೂ ಉಸಾರಾಗಿದ್ದಿದ್ರೆ ನಾವೂ ಮೈಸೂರ್ನಲ್ಲೇ ಇರ್ತಿದ್ವಿ. ಅಂಥಾ ದಿನ್ದಲ್ಲೇ ಮುಟ್ಟಿಸ್ಕಂಡು ಓಗಿ ಕೂತ್ಕಂಡ್ರಲ್ಲ." ಎಲ್ಲರೂ ನಕ್ಕರು. ನೀನೂ ನಕ್ಕು, "ಪಾಯ್ಸ ಆಕ್ಸ್ಕಳ್ಲಾ" ಎಂದು ನನ್ನೆಲೆ ತೋರಿಸಿದೆ. ನಾನು ಹಾಕಿಸಿಕೊಂಡೆ. ಹಾಕಿಸಿಕೊಂಡು ಉಂಡೆ ಕೂಡ.

ನಾನು ನಿನ್ನ ಓದನ್ನಷ್ಟೇ ಕಿತ್ತುಕೊಂಡೆ ಅಂದುಕೊಂಡಿದ್ದೆ. ನಿನ್ನ ಮಗನ ಕಣ್ಣಲ್ಲಿ ನಿನ್ನನ್ನು ದಡ್ಡನನ್ನಾಗಿ ಮಾಡಿದ್ದೇನೆ ಎಂಬುದು ಆವತ್ತು ತಿಳಿಯಿತು. ಕ್ಷಮಿಸು ಎನ್ನುವ ಮುಖ ನನಗಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಕಿರುಗಾವಲಿಗೆ ಬರುತ್ತೇನೆ. ಮೊದಲು ನಿನ್ನ ಮಗನನ್ನು ಕೂರಿಸಿಕೊಂಡು ಹೇಳುತ್ತೇನೆ, ನಿನ್ನೆದುರಿಗೇ. ಆಮೇಲೆ ಉಣ್ಣು ಅಂದರೆ ಉಣ್ಣುತ್ತೇನೆ. ಹೋಗು ಅಂದರೆ ಹೋಗುತ್ತೇನೆ.