ಒಲೆ ಒಂದೇ ಎಂದಿದ್ದೆ

ಆ ಮನೆಯಲ್ಲಿ ಎರಡು ಒಲೆ ಇದ್ದವು. ನಾನು ಒಂದೇ ಎಂದು ಹೇಳಿದೆ. ನೋಡದೆ ಹೇಳಿದ್ದಲ್ಲ, ಮರೆತು ಹೇಳಿದ್ದೂ ಅಲ್ಲ — ಎರಡನೆಯ ಒಲೆಯ ಮುಂದೆ ಕೂತು ಚಹಾ ಕುಡಿದು ಬಂದವಳು, ಸಾಹೇಬರು ಕೇಳಿದಾಗ, ತುಂಬಿದ ಸಭೆಯಲ್ಲಿ ಸುಳ್ಳು ಹೇಳಿದೆ. ಅದಾಗಿ ಆರು ವರ್ಷ. ಈ ಬೇಸಿಗೆಯವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ನಾನು ಸಮಾಜಕಾರ್ಯ ಓದಿ ಅದನ್ನೇ ಉದ್ಯೋಗ ಮಾಡಿಕೊಂಡವಳು. ತವರು ನಿಪ್ಪಾಣಿ, ಕೆಲಸ ಚಿಕ್ಕೋಡಿಯ ಒಂದು ಸಣ್ಣ ಸಂಸ್ಥೆಯಲ್ಲಿ. ಆ ವರ್ಷ ಕೃಷ್ಣೆ ಉಕ್ಕಿ ಯಡೂರಿನ ಆಸುಪಾಸಿನ ಊರುಗಳೆಲ್ಲ ನೀರಲ್ಲಿ ನಿಂತಿದ್ದವು. ಅವುಗಳಲ್ಲಿ ಒಂದು ಹಳ್ಳಿ — ಹೆಸರು ಬೇಡ. ದಂಡೆಯ ಮನೆಯವರಿಗೆ ಎತ್ತರದ ಜಾಗದಲ್ಲಿ ಕುಟುಂಬಕ್ಕೊಂದು ಪ್ಲಾಟ್ ಕೊಡುವುದೆಂದು ನಿಶ್ಚಯವಾಯಿತು. ಮನೆ ಮನೆ ತಿರುಗಿ ಪಟ್ಟಿ ಮಾಡುವ ಕೆಲಸ ನಮ್ಮ ಸಂಸ್ಥೆಯ ಪಾಲಿಗೆ, ಅಂದರೆ ನನ್ನ ಪಾಲಿಗೆ ಬಂತು.

ಸಾವಕ್ಕ ಆ ಊರಿನವಳು. ಗಂಡ ತೀರಿಕೊಂಡ ಮೇಲೆ ಮೈದುನ ಮಲ್ಲಪ್ಪನಿಂದ ಬೇರೆಯಾಗಿದ್ದಳು. ಬೇರೆ ಎಂದರೆ ನಡುವೆ ಗೋಡೆ ಎದ್ದಿರಲಿಲ್ಲ. ಬಾಗಿಲು ಒಂದೇ, ರೇಷನ್ ಕಾರ್ಡೂ ಒಂದೇ. ಹಿತ್ತಲಲ್ಲಿ ನಾಲ್ಕು ತಗಡಿನ ಪತ್ರಾಸು ಹೊದಿಸಿ, ಅದರಡಿ ತನ್ನದೊಂದು ಒಲೆ ಹೂಡಿಕೊಂಡಿದ್ದಳು. ತನ್ನ ಐದು ಆಡು, ತನ್ನ ರೊಟ್ಟಿ, ತನ್ನ ಪಾಡು. ಈ ಕಡೆಯ ಊರುಗಳಿಗೆ ಅಷ್ಟು ಸಾಕು. ಮದುವೆಯಲ್ಲಿ ಮನೆಮಂದಿಗೆಲ್ಲ ಊಟಕ್ಕೆ ಹೇಳುವುದನ್ನು ಇಲ್ಲಿ ಮರಾಠಿಯಲ್ಲಿ ‘ಚೂಲಬಂದ್’ ಎನ್ನುತ್ತಾರೆ — ಇವತ್ತು ನಿಮ್ಮ ಒಲೆ ಹೊತ್ತಿಸಬೇಡಿ ಎಂದು. ಆ ಮನೆಗೆ ಅಂಥ ಕರೆ ಎರಡು ಸಲ ಹೋಗುತ್ತಿತ್ತು, ಮುಂದಿನ ಒಲೆಗೊಂದು, ಹಿತ್ತಲಿನ ಒಲೆಗೊಂದು. ಇಡೀ ಊರು ಒಪ್ಪಿದ್ದ ಕುಟುಂಬ ನನ್ನ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ.

ಯಾಕೆಂದರೆ ನಾನು ಬಾಗಿಲು ಎಣಿಸಿದ್ದೆ. ಒಂದು ಬಾಗಿಲಿಗೆ ಒಂದು ಪ್ಲಾಟ್, ಎಲ್ಲರಿಗೂ ಸಮಾನ. ಆ ‘ಸಮಾನ’ ಎಂಬ ಶಬ್ದ ಕೇಳಿದರೆ ಈಗ ತಲೆ ಚಿಟ್ಟು ಹಿಡಿಯುತ್ತದೆ. ಒಂದು ಒಲೆಯ ಮನೆಗೂ ಒಂದೇ, ಎರಡು ಒಲೆಯ ಮನೆಗೂ ಒಂದೇ — ಇದರಲ್ಲಿ ಸಮಾನ ಏನು ಬಂತು, ಮಣ್ಣು? ಆದರೆ ಪಟ್ಟಿ ನೋಡಲು ಚೊಕ್ಕವಾಗಿತ್ತು. ಆ ಚೊಕ್ಕತನದ ಮೇಲೆ ನನಗೆ ಮೋಹ.

ಬೇರೆ ಅಡುಗೆ ಮಾಡಿಕೊಂಡಿರುವವರನ್ನು ಬೇರೆ ಕುಟುಂಬವೆಂದು ಹಿಡಿಯಬಹುದು, ಮನೆ ನೋಡಿದವರು ಹೇಳಬೇಕು ಅಷ್ಟೆ ಎಂದು, ಪಟ್ಟಿ ಮಂಜೂರು ಮಾಡುವ ಚಿಕ್ಕೋಡಿ ಕಚೇರಿಯ ಸಾಹೇಬರೇ ಮೊದಲು ತಿಳಿಸಿದ್ದರು. ತಕರಾರು ಕೇಳುವ ಸಭೆ ಊರಿನ ಶಾಲೆಯಲ್ಲಿ. ಸಾವಕ್ಕ ಎಲ್ಲರಿಗಿಂತ ಮೊದಲೇ ಬಂದು ಗೇಟಿನಲ್ಲಿ ನಿಂತಿದ್ದಳು. ಆಕೆಯ ಗಂಟಲು ದೊಡ್ಡದು. ಒಳಗೆ ಬಂದರೆ ಮೈದುನನ ಜೊತೆ ಜಗಳ ಹತ್ತುತ್ತದೆ, ಸಭೆ ಕೆಡುತ್ತದೆ ಎಂದು ನನಗೆ ಅಳುಕು.

“ನೀವು ಮನಿಗೆ ಹೋಗ್ರಿ ಸಾವಕ್ಕಾ, ಆಡು ಬಿಟ್ಟು ಬಂದೀರಿ. ನಿಮ್ಮ ಪರವಾಗಿ ನಾ ಹೇಳ್ತೀನಿ,” ಎಂದೆ.

ಆಕೆ ನಂಬಿದಳು. ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಒಳಗೆ ಆಕೆಯ ಹೆಸರು ಬಂದಾಗ ಮಲ್ಲಪ್ಪ ನನ್ನನ್ನೇ ನೋಡುತ್ತಿದ್ದ. ಅತ್ತಿಗೆ ಬೇರೆ ಕುಟುಂಬವೆಂದು ಕಾಗದದಲ್ಲಿ ಬಂದರೆ ನಾಳೆ ಆಸ್ತಿಯಲ್ಲೂ ಪಾಲು ಕೇಳುತ್ತಾಳೆ ಎಂಬ ಅಂಜಿಕೆ ಅವನದು. ಪಟ್ಟಿಯ ಕೆಲಸ ನಡೆದಷ್ಟು ದಿನ ನಮಗೆ ಕೂರಲು ಜಾಗ, ತಿರುಗಲು ಗಾಡಿ, ಜನರನ್ನು ಕೂಡಿಸಿಕೊಟ್ಟದ್ದು ಎಲ್ಲ ಅವನೇ. ಆ ಊರಲ್ಲಿ ಸಾವಕ್ಕನಂಥ ಹೆಂಗಸರು ಇನ್ನೂ ಇದ್ದರು. ಒಬ್ಬಳಿಗೆ ಹೂಂ ಎಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಪಟ್ಟಿ ಮತ್ತೆ ಮೊದಲಿನಿಂದ... ಇದನ್ನೆಲ್ಲ ನೆಪವೆಂದು ಹೇಳುತ್ತಿಲ್ಲ. ಒಬ್ಬ ಹೆಂಗಸಿನ ಮನೆ ಕೈತಪ್ಪಿ ಹೋಗುವ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದ್ದು ಇಷ್ಟು ಅಗ್ಗದ ಯೋಚನೆಗಳು ಎಂದು ನಿಮಗೆ ತಿಳಿಯಲಿ.

“ಬಾಯಾರ, ಮನಿ ನೋಡಿದವರು ನೀವು. ಅಲ್ಲೆ ಒಲಿ ಎಷ್ಟು ಅದಾವು?” ಸಾಹೇಬರು ಕೇಳಿದರು.

“ಒಂದೇ, ಸರ್.”

ಕೂತವರಿಗೆಲ್ಲ ನಿಜ ಗೊತ್ತಿತ್ತು, ಆದರೆ ಮಲ್ಲಪ್ಪನನ್ನು ಎದುರು ಹಾಕಿಕೊಂಡು ಯಾರೂ ಅಲ್ಲವೆನ್ನಲಿಲ್ಲ, ಆಮೇಲೆ ಸಾವಕ್ಕನ ಕಿವಿಗೂ ಹಾಕಲಿಲ್ಲ. ಒಂದು ತಕರಾರೂ ಉಳಿಯದಂಥ ಪಟ್ಟಿ ಎಂದು ಸಾಹೇಬರು ಆಮೇಲೆ ನನ್ನನ್ನು ಹೊಗಳಿದರು. ಮಲ್ಲಪ್ಪ ಎತ್ತರದ ಜಾಗದಲ್ಲಿ ಮನೆ ಕಟ್ಟಿಕೊಂಡು ಹೋದ. ಅತ್ತಿಗೆಗೂ ಬಾ ಎಂದ. ಆದರೆ ಪಟ್ಟಿಯಲ್ಲೇ ಒಂದು ಒಲೆ ಎಂದಿರುವಾಗ ಅಲ್ಲಿಯೂ ಒಂದೇ ಒಲೆ, ತನ್ನ ಹೆಂಡತಿ ಹಾಕಿದ್ದನ್ನು ಉಂಡುಕೊಂಡಿರಬೇಕು ಎಂಬ ಕರಾರು. ನನ್ನ ಸುಳ್ಳು ಅವನ ಬಾಯಲ್ಲಿ ಕಾನೂನಾಯಿತು. ಸಾವಕ್ಕ ಹೋಗಲಿಲ್ಲ, ದಂಡೆಯ ಹಳೆಯ ಮನೆಯಲ್ಲೇ ಉಳಿದಳು. ಹೊಳೆ ಏರಿದಾಗಲೆಲ್ಲ ಆಡು ಹೊಡೆದುಕೊಂಡು ಶಾಲೆಯ ಕಟ್ಟೆಗೆ ಬರುವುದು, ನೀರು ಇಳಿದ ಮೇಲೆ ಕೆಸರು ಬಳಿದುಹಾಕಿ ಮತ್ತೆ ಒಲೆ ಹೂಡುವುದು — ಪ್ರತಿ ಮಳೆಗಾಲವೂ ಇದೇ. ಹೋದ ವರ್ಷ ಹಿಂದಿನ ಗೋಡೆಯೂ ಕುಸಿಯಿತು.

ಇನ್ನೊಂದು ಇದೆ. ಬಹುಶಃ ಇದೇ ದೊಡ್ಡದು. ಅಂದು ಸಭೆ ಮುಗಿದ ಮೇಲೆ ಏನಾಯಿತೆಂದು ಕೇಳಿದ ಸಾವಕ್ಕನಿಗೆ, ‘ನಾ ಹೇಳಿದೆ, ಅವರು ಕೇಳಲಿಲ್ಲ’ ಎಂದುಬಿಟ್ಟೆ. ಆಕೆ ನನ್ನನ್ನೇ ಸಮಾಧಾನ ಮಾಡಿದಳು. ಅಂದಿನಿಂದ ಆ ಊರಿಗೆ ಹೋದಾಗಲೆಲ್ಲ ನನಗೆ ಆಡಿನ ಹಾಲಿನ ಚಹಾ, ಬಿಸಿ ರೊಟ್ಟಿ. ತನಗಾಗಿ ಬಡಿದಾಡಿದ ಬಾಯಾರು ಎಂದು ಬಂದವರಿಗೆಲ್ಲ ಪರಿಚಯ. ನಾನು ಆ ರೊಟ್ಟಿ ತಿಂದೆ. ಆರು ವರ್ಷ ತಿಂದೆ.

ಇಷ್ಟು ಸಾಲದೆಂಬಂತೆ, ಈಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತರಬೇತಿ ಕೊಡುವವಳು. ಅಥಣಿಯಿಂದ, ಕಾಗವಾಡದಿಂದ, ರಾಯಬಾಗದ ಕಡೆಯಿಂದ ಬರುತ್ತಾರೆ. ಗೋಡೆಗೆ ‘ದನಿ ಇಲ್ಲದವರಿಗೆ ದನಿಯಾಗೋಣ’ ಎಂಬ ಬ್ಯಾನರು. ಸಾವಕ್ಕನಿಗೆ ದನಿ ಇರಲಿಲ್ಲವೇ? ಆಚೆ ದಂಡೆಯವರಿಗೂ ಕೇಳುವಷ್ಟಿತ್ತು. ಅದನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದವಳು ನಾನು — ನಾನೇ ಆ ಬ್ಯಾನರಿನ ಕೆಳಗೆ ನಿಂತು ಪಾಠ ಹೇಳುತ್ತೇನೆ. ಈ ಬೇಸಿಗೆಯಲ್ಲಿ ಹಾರೂಗೇರಿಯ ಒಬ್ಬ ಹುಡುಗಿ ಎದ್ದು ನಿಂತು, ‘ನಿಮ್ಮ ಪರ ಮಾತಾಡ್ತೀವಿ’ ಎಂದು ಜನರಿಗೆ ಹೇಳಿ ನಾವು ಮಾತಾಡದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ ಎಂದು ಹೇಳಿ, ಎಲ್ಲರನ್ನೂ ಚಹಾಕ್ಕೆ ಬಿಟ್ಟೆ. ನನ್ನ ಬಗ್ಗೆ ನನಗೇ ರೋಸಿಹೋಯಿತು.

ಮರುದಿನ ಸಾವಕ್ಕನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಹೇಳುತ್ತಾ ಅತ್ತೂಬಿಟ್ಟೆ. ಎಂಥ ನಾಚಿಕೆಗೇಡು, ಅಳುವ ಸರದಿ ನನ್ನದಾಗಿತ್ತೇ? ಆಡಿಗೆ ಸೊಪ್ಪು ಕಟ್ಟುತ್ತಿದ್ದ ಆಕೆ ಕೈ ನಿಲ್ಲಿಸಲಿಲ್ಲ. ಕಟ್ಟಿ ಮುಗಿಸಿ, ಕೈ ಒರೆಸಿಕೊಂಡು ಕೇಳಿದಳು:

“ಈ ಮಾತು ಬರದು ಕೊಡ್ತೀರೇನು?”

ನಾನು ತಡವರಿಸಿದೆ. ಬರೆಯುವುದೆಂದರೆ ಸಹಿ, ಸಹಿ ಎಂದರೆ ಸಂಸ್ಥೆಯ ಹೆಸರು, ನನ್ನ ಕೆಲಸ... ಆಕೆಯ ಬಿದ್ದ ಗೋಡೆಯ ಮುಂದೆ ನಿಂತು, ಆರು ವರ್ಷದ ಮೇಲೂ ನಾನು ನನ್ನ ಬಗ್ಗೆಯೇ ಯೋಚಿಸಿದೆ. ಅದನ್ನೂ ಇಲ್ಲಿ ಬರೆದಿಡಬೇಕು. ಕೊನೆಗೆ ಹೂಂ ಎಂದೆ. ಸೋಮವಾರ ನಾನೇ ಚಿಕ್ಕೋಡಿಯ ಕಚೇರಿಗೆ ಹೋಗಿ ಕೊಟ್ಟುಬರುತ್ತೇನೆ ಎಂದೂ ಹೇಳಿದೆ.

“ನೀವು ಒಬ್ಬರ ಹೋಗೂದು ಬ್ಯಾಡ್ರಿ. ನಾನೂ ಬರ್ತೀನಿ,” ಎಂದಳು. “ಮಾತು ನಾ ಆಡ್ತೀನಿ. ಅವರು ಕೇಳಿದ್ರ, ಅಷ್ಟಕ್ಕ ನೀವು ಖರೇ ಹೇಳ್ರಿ.”

ಬರೆದೆ. ಎರಡು ಒಲೆಗಳನ್ನು ಕಣ್ಣಾರೆ ನೋಡಿದ್ದೆ, ಸಭೆಯಲ್ಲಿ ಸುಳ್ಳು ಹೇಳಿದೆ, ಯಾರೂ ಹೇಳಿಸಲಿಲ್ಲ, ನಾನೇ ಹೇಳಿದೆ ಎಂದು. ಸಂಸ್ಥೆಗೂ ಒಂದು ಪ್ರತಿ ಕೊಟ್ಟೆ. ಇಷ್ಟು ತಡವಾಗಿ ಬಂದ ಈ ಕಾಗದದಿಂದ ಆಕೆಗೆ ಪ್ಲಾಟ್ ಸಿಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಈ ವರ್ಷದ ಮಳೆಗಾಲಕ್ಕಂತೂ ಸಿಗುವುದಿಲ್ಲ.

ಸೋಮವಾರ ಆಕೆಯ ಊರಿಗೇ ಹೋಗಿ, ಚಿಕ್ಕೋಡಿ ಬಸ್ಸಿನಲ್ಲಿ ನನ್ನ ಪಕ್ಕ ಆಕೆಗೆಂದು ಜಾಗ ಹಿಡಿದಿದ್ದೆ. ಸಾವಕ್ಕ ಹತ್ತಿದಳು, ನೋಡಿದಳು, ಎರಡು ಸಾಲು ಮುಂದೆಯೇ ಒಬ್ಬಳೇ ಕುಳಿತುಬಿಟ್ಟಳು. ದಾರಿಯುದ್ದಕ್ಕೂ ತಿರುಗಿ ನೋಡಲಿಲ್ಲ. ಇಳಿದ ಮೇಲೆ ಆಕೆ ಮುಂದೆ ನಡೆದಳು, ನಾನು ಹಿಂದೆ ಹೋದೆ.